ಜಮಖಂಡಿಯ ಹಳದಿ ಗೆರೆ, ಧ್ರುವದ ಹಸಿರು ಬೆಳಕು

ವಿಭವ ಸಂವತ್ಸರದ ಶ್ರಾವಣ ಅಮಾವಾಸ್ಯೆ ಮಂಗಳವಾರ ಬಂದಿತ್ತು. ಇಂಗ್ಲಿಷ್ ಲೆಕ್ಕದಲ್ಲಿ 1868ರ ಆಗಸ್ಟ್ 18. ಆ ಮುಂಜಾನೆ ಚಂದ್ರನ ನೆರಳು ಏಡನ್ ಕಡೆಯಿಂದ ಅರಬ್ಬಿ ಸಮುದ್ರ ಹಾಯ್ದು, ಸಹ್ಯಾದ್ರಿ ಏರಿ, ಆಗ ಕಲಾದಗಿ ಜಿಲ್ಲೆ ಎನಿಸಿಕೊಂಡಿದ್ದ ನಮ್ಮ ಸೀಮೆಯ ಮೇಲೆ ಹರಿಯಿತು. ನೆರಳಿನ ಅಗಲ ಸುಮಾರು ಇನ್ನೂರು ಕಿಲೋಮೀಟರ್. ಭೀಮೆಯ ಕಡೆಯ ಇಂಡಿ, ಸಿಂದಗಿ, ಡೋಣಿ ಸೀಮೆಯ ಬಸವನ ಬಾಗೇವಾಡಿ, ಕೃಷ್ಣೆಯ ಕಡೆಯ ಮುದ್ದೇಬಿಹಾಳ, ನಡುವೆ ವಿಜಯಪುರ, ಎಲ್ಲವೂ ಅದರೊಳಗೇ ಬಿದ್ದವು. ಬಾಗೇವಾಡಿ, ಮುದ್ದೇಬಿಹಾಳಗಳು ನೆರಳಿನ ನಡುಗೆರೆಗೆ ಹತ್ತಿರ. ಅಲ್ಲಿ ಐದು ನಿಮಿಷ ಸೂರ್ಯನೇ ಇರಲಿಲ್ಲ. ಉತ್ತರದ ಅಂಚಿಗೆ ಸರಿದ ಇಂಡಿಯಲ್ಲಿ ಕತ್ತಲು ತುಸು ಕಡಿಮೆ ಹೊತ್ತು ನಿಂತಿತು.

ಆ ಐದು ನಿಮಿಷಗಳಲ್ಲಿ ಈ ಸೀಮೆಯಿಂದ ಕಂಡ ಒಂದು ಹಳದಿ ಗೆರೆ ಮುಂದೆ ಎಲ್ಲೆಲ್ಲಿಗೆ ಹೋಗಿ ಮುಟ್ಟಿತು ಎಂಬುದು ನಮ್ಮ ಜಿಲ್ಲೆಯವರಿಗೇ ಹೆಚ್ಚು ಗೊತ್ತಿಲ್ಲ. ನಾರ್ವೆ, ಸ್ವೀಡನ್, ಕೆನಡಾಗಳ ಚಳಿಗಾಲದ ರಾತ್ರಿಗಳಲ್ಲಿ ಆಕಾಶದ ತುಂಬ ಪರದೆಯಂತೆ ಅಲುಗುವ ಹಸಿರು ಬೆಳಕಿದೆ. ಅದನ್ನು ಧ್ರುವಪ್ರಭೆ, ಅರೋರಾ ಎನ್ನುತ್ತೇವೆ. ಆ ಬೆಳಕಿನ ಗುಟ್ಟು ಬಿಡಿಸಿದ ದಾರಿಯಲ್ಲಿ ಒಂದು ಮುಖ್ಯ ಮೈಲಿಗಲ್ಲು ಜಮಖಂಡಿ, ವಿಜಯಪುರಗಳ ಈ ಬಯಲಿನಲ್ಲಿದೆ.

ಗ್ರಹಣ ಈ ನೆಲಕ್ಕೆ ಹೊಸದೇನಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಶಾಸನವಿದೆ. ಅವನ ಮಂತ್ರಿ ನಾರಾಯಣ ಅಲ್ಲಿ ಒಂದು ಶಾಲೆ ಕಟ್ಟಿಸಿದ್ದ. ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲೇ ಇದ್ದು ಓದುತ್ತಿದ್ದರು. ಆ ಶಾಲೆಗೆ ದತ್ತಿ ಬಿಟ್ಟದ್ದು ಶಕ 867ರ ಭಾದ್ರಪದ ಅಮಾವಾಸ್ಯೆ, ಮಂಗಳವಾರ, ಸೂರ್ಯಗ್ರಹಣದ ದಿನ. ಅಂದರೆ ಕ್ರಿ.ಶ. 945ರ ಸೆಪ್ಟೆಂಬರ್ 9. ಗ್ರಹಣ ಹಿಡಿದಾಗ ದಾನ ಕೊಡುವ ನಮ್ಮ ಹಿರಿಯರು ಆ ದಾನವನ್ನು ವಿದ್ಯೆಗೆ ಕೊಟ್ಟಿದ್ದರು ಎನ್ನುವುದು ನೆನೆದಾಗಲೆಲ್ಲ ನನಗೆ ಅಭಿಮಾನ. ಗ್ರಹಣ ಯಾವಾಗ ಎಂದು ಪಂಚಾಂಗ ಲೆಕ್ಕ ಹಾಕಿ ಹೇಳುತ್ತಿತ್ತು. ಸೂರ್ಯ ಏತರಿಂದ ಆಗಿದ್ದಾನೆ ಎಂದು ಹೇಳುವ ಸಾಧನ ಮಾತ್ರ 1859ರವರೆಗೆ ಯಾರ ಕೈಯಲ್ಲೂ ಇರಲಿಲ್ಲ.

ಆ ವರ್ಷ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕಿರ್ಕಾಫ್ ಮತ್ತು ಬುನ್ಸೆನ್ ಒಂದು ಮಾತು ತೋರಿಸಿಕೊಟ್ಟರು. ಯಾವುದೇ ಮೂಲವಸ್ತುವನ್ನು ಕಾಯಿಸಿ, ಅದರ ಬೆಳಕನ್ನು ಪಟ್ಟಕದ ಮೂಲಕ ಬಿಡಿಸಿ ನೋಡಿದರೆ ಅದಕ್ಕೇ ಮೀಸಲಾದ ಬಣ್ಣದ ಗೆರೆಗಳು ಕಾಣುತ್ತವೆ. ಉಪ್ಪಿನಲ್ಲಿರುವ ಸೋಡಿಯಂಗೆ ಎರಡು ಹಳದಿ ಗೆರೆ, ಹೈಡ್ರೋಜನ್‌ಗೆ ಕೆಂಪು ಮತ್ತು ನೀಲಿ. ಗೆರೆ ಗುರುತಿಸಿದರೆ ವಸ್ತು ಸಿಕ್ಕಂತೆ. ಹೀಗೆ ಗೆರೆ ನೋಡುವ ರೋಹಿತದರ್ಶಕವನ್ನು ಹೊತ್ತು, ವಿಜ್ಞಾನಿಗಳು ಮೊದಲೇ ಸಜ್ಜಾಗಿ ಕಾದುನಿಂತ ಮೊದಲ ದೊಡ್ಡ ಗ್ರಹಣ 1868ರದು. ಸೂರ್ಯ ಪೂರ್ತಿ ಮುಚ್ಚಿದಾಗ ಅಂಚಿನಲ್ಲಿ ಕೆಂಪು ಜ್ವಾಲೆಯಂಥ ಚಾಚುಗಳು ಕಾಣುತ್ತವೆ, ಅವುಗಳಾಚೆ ಮುತ್ತಿನ ಬಣ್ಣದ ಪ್ರಭಾವಲಯ, ಅಂದರೆ ಕರೋನಾ. ಕೆಂಪು ಚಾಚುಗಳು ಉರಿಯುವ ಅನಿಲವೋ, ಬರೀ ಪ್ರತಿಫಲಿಸಿದ ಬೆಳಕೋ? ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಇದೇ.

ಆಗಸ್ಟ್ ತಿಂಗಳಲ್ಲಿ ಕೊಂಕಣಕ್ಕೆ ಹೋಗಿ ಸೂರ್ಯನನ್ನು ನೋಡುತ್ತೇನೆಂದರೆ ನಡೆಯುವ ಮಾತಲ್ಲ. ಘಟ್ಟದ ಈಚೆಯ ಮಳೆನೆರಳಿನ ಬಯಲಲ್ಲಾದರೆ ಆಸೆ ಇಟ್ಟುಕೊಳ್ಳಬಹುದು. ಲಂಡನ್ನಿನ ರಾಯಲ್ ಸೊಸೈಟಿ ಕಳಿಸಿದ ಉಪಕರಣಗಳೊಂದಿಗೆ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ಬೀಡುಬಿಟ್ಟರು. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್‌ರ ಮೊಮ್ಮಗ ಇವರು. ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯಲ್ಲಿ ನೌಕರಿ. ಜೊತೆಗೆ ಲೆಫ್ಟಿನೆಂಟ್ ಕ್ಯಾಂಬೆಲ್. ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್ ಕೈಯಲ್ಲಿ ಹಿಡಿಯುವ ಚಿಕ್ಕ ರೋಹಿತದರ್ಶಕದೊಂದಿಗೆ ಕಾದಿದ್ದರು. ಇದೇ ನೆರಳಿನ ಹಾದಿಯಲ್ಲಿ ಮುಂದೆ ಪೂರ್ವಕ್ಕೆ, ವನಪರ್ತಿಯಲ್ಲಿ, ಮದ್ರಾಸ್ ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಇದ್ದರು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಮತ್ತು ಮೇಜರ್ ಟೆನಂಟ್, ಮಚಲಿಪಟ್ಟಣದಲ್ಲಿ ಪಾಗ್ಸನ್. ರಘುನಾಥಾಚಾರಿ ಮುಂದೆ 1874ರ ಶುಕ್ರ ಸಂಕ್ರಮದ ಬಗ್ಗೆ ಬರೆದ ಪುಸ್ತಿಕೆ ಕನ್ನಡದಲ್ಲೂ ಬಂತು. ಆ ಕಾಲಕ್ಕೇ ಕನ್ನಡ ಓದುಗರಿಗೆ ಖಗೋಳದ ಹೊಸ ಸುದ್ದಿ ಮುಟ್ಟಬೇಕೆಂದುಕೊಂಡವರಲ್ಲಿ ಅವರೊಬ್ಬರು.

ಗ್ರಹಣದ ದಿನ ಜಮಖಂಡಿಯ ಆಕಾಶದಲ್ಲಿ ಮೋಡ. ಸೂರ್ಯ ಪೂರ್ತಿ ಮುಚ್ಚಿಹೋದ ಮೇಲೂ ಹರ್ಷೆಲ್‌ಗೆ ಮೋಡದ ಬೆನ್ನೇ ಕಾಣುತ್ತಿತ್ತು. ಇದ್ದ ಐದು ನಿಮಿಷಗಳಲ್ಲಿ ಒಂದೊಂದೇ ಕೈಜಾರುತ್ತಿದ್ದವು. ನಡುವೆ ಮೋಡ ಹರಿದು ಒಂದು ಕೆಂಪು ಚಾಚು ಕಂಡಿತು. ತಿರುಪು ತಿರುಗಿಸಿ ಆ ಚಾಚನ್ನು ದೂರದರ್ಶಕದ ಸೂಜಿಮೊನೆಗೆ ತಂದು, ಕೂಡಲೇ ರೋಹಿತದರ್ಶಕಕ್ಕೆ ಕಣ್ಣು ಹಚ್ಚಿದರು. ಮೂರು ಗೆರೆ, ಹೊಳೆಯುವ ಗೆರೆ. ಕೆಂಪು, ಕಿತ್ತಳೆ, ನೀಲಿ. ಅವುಗಳ ನಡುವೆ ಕಾಮನಬಿಲ್ಲಿನ ಹಾಗೆ ಹರಡಿದ ಬೆಳಕು ಎಳ್ಳಷ್ಟೂ ಇರಲಿಲ್ಲ. ಒಂದೇ ನೋಟಕ್ಕೆ ಪ್ರಶ್ನೆ ತೀರಿತು: ಚಾಚುಗಳು ಉರಿಯುವ ಅನಿಲವೇ. ಮತ್ತೆ ಮೋಡ ಮುಸುಕುವ ಮೊದಲು ಕಿತ್ತಳೆ ಮತ್ತು ನೀಲಿ ಗೆರೆಗಳ ಜಾಗವನ್ನು ಅಳೆದುಕೊಂಡರು. ಕೆಂಪಿಗೆ ಹೊತ್ತು ಸಾಲಲಿಲ್ಲ. ಕ್ಯಾಂಬೆಲ್ ಪ್ರಭಾವಲಯದ ಬೆಳಕು ಬಲವಾಗಿ ಧ್ರುವೀಕೃತವಾಗಿದೆ ಎಂದು ಕಂಡುಕೊಂಡರು. ವಿಜಯಪುರದಲ್ಲಿ ಹೇಗ್‌ಗೆ ಕಂಡದ್ದು ಎರಡು ಪಟ್ಟಿ, ಒಂದು ಗುಲಾಬಿಗೆಂಪು, ಇನ್ನೊಂದು ತಿಳಿ ಹೊನ್ನಿನ ಬಣ್ಣ.

ಈ ಹೊನ್ನಿನ ಗೆರೆಯೇ ನಮ್ಮ ಕಥೆಯ ನಾಯಕ. ಹರ್ಷೆಲ್ ಅದನ್ನು ಸೋಡಿಯಂನ ಗೆರೆ ಎಂದೇ ಬರೆದರು. ಅವರ ಉಪಕರಣದ ಅಳತೆಗೆ ಅದಕ್ಕಿಂತ ಹೆಚ್ಚು ಹೇಳಲು ಬರುತ್ತಿರಲಿಲ್ಲ. ಸೋಡಿಯಂನ ಜೋಡಿ ಗೆರೆಗಳು 589.0 ಮತ್ತು 589.6 ನ್ಯಾನೊಮೀಟರ್‌ನಲ್ಲಿ ಬೀಳುತ್ತವೆ. ಅಂದು ಕಂಡ ಗೆರೆ 587.6ರದು. ಒಂದೂವರೆ ನ್ಯಾನೊಮೀಟರ್ ಅಂತರದಲ್ಲಿ ಒಂದು ಹೊಸ ಮೂಲವಸ್ತು ಅಡಗಿತ್ತು.

ಗುಂಟೂರಿನ ಜಾನ್ಸೆನ್‌ಗೆ ಆ ಗೆರೆಗಳು ಎಷ್ಟು ಹೊಳಪಾಗಿ ಕಂಡವೆಂದರೆ, ಗ್ರಹಣವಿಲ್ಲದೆಯೂ ಇವನ್ನು ನೋಡಬಹುದು ಎಂದು ಮರುದಿನವೇ ನೋಡಿ ತೋರಿಸಿದರು. ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕ್ಯರ್ ಅಕ್ಟೋಬರ್ 20ರಂದು ತಾವಾಗಿಯೇ ಅದನ್ನು ಸಾಧಿಸಿದರು. ಇಬ್ಬರ ಪತ್ರಗಳೂ ಪ್ಯಾರಿಸ್ಸಿನ ಅಕಾಡೆಮಿಯ ಒಂದೇ ಸಭೆಯಲ್ಲಿ ಓದಲ್ಪಟ್ಟವು. ಗ್ರಹಣದ ಹಂಗಿಲ್ಲದೆ ಬಿಡುವಾಗಿ ಅಳೆದಾಗ ಹಳದಿ ಗೆರೆ ಸೋಡಿಯಂಗೆ ಹೊಂದುವುದಿಲ್ಲ ಎಂದು ಗಟ್ಟಿಯಾಯಿತು. ಲಾಕ್ಯರ್ ಆ ವಸ್ತುವಿಗೆ ಹೀಲಿಯಂ ಎಂದು ಹೆಸರಿಟ್ಟರು. ಸೂರ್ಯನಲ್ಲಿ ಮಾತ್ರ ಇರುವ, ಭೂಮಿಯಲ್ಲಿಲ್ಲದ ವಸ್ತು ಎಂದರೆ ನಂಬುವವರು ಕಡಿಮೆ. 1895ರಲ್ಲಿ ವಿಲಿಯಂ ರಾಮ್ಸೆ ಯುರೇನಿಯಂ ಇರುವ ಒಂದು ಖನಿಜದಿಂದ ಆ ಅನಿಲವನ್ನು ಹೊರತೆಗೆದರು. ಜಮಖಂಡಿಯ ಗ್ರಹಣಕ್ಕೂ ಇದಕ್ಕೂ ನಡುವೆ 27 ವರ್ಷ.

ಈಗ ಉತ್ತರಕ್ಕೆ ಹೋಗೋಣ. ಆ ಗ್ರಹಣಕ್ಕೆ ಮೊದಲಿನ 1867–68ರ ಚಳಿಗಾಲದಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಆಂಡರ್ಸ್ ಆಂಗ್‌ಸ್ಟ್ರೋಮ್ ತಮ್ಮ ರೋಹಿತದರ್ಶಕವನ್ನು ಧ್ರುವಪ್ರಭೆಯ ಕಡೆ ತಿರುಗಿಸಿದ್ದರು. ಅದು ಮಂಜಿನ ಹರಳುಗಳಿಂದ ಪ್ರತಿಫಲಿಸಿದ ಬಿಸಿಲು ಎಂದು ಆಗ ಬಹಳ ಜನ ನಂಬಿದ್ದರು. ಹಾಗಿದ್ದರೆ ಕಾಮನಬಿಲ್ಲಿನ ಎಲ್ಲ ಬಣ್ಣಗಳೂ ಇರಬೇಕಿತ್ತು. ಆಂಗ್‌ಸ್ಟ್ರೋಮ್ ಕಂಡದ್ದು ಹೆಚ್ಚುಕಡಿಮೆ ಒಂದೇ ಒಂದು ಹಸಿರು ಗೆರೆ. ಜಮಖಂಡಿಯಲ್ಲಿ ಹರ್ಷೆಲ್ ಮಾಡಲಿದ್ದ ತೀರ್ಮಾನವನ್ನೇ ಅವರು ಕೆಲವು ತಿಂಗಳು ಮೊದಲು ಉತ್ತರದಲ್ಲಿ ಮಾಡಿದ್ದರು: ಇದು ತಾನೇ ಬೆಳಗುವ ಅನಿಲ. ಯಾವ ಅನಿಲ ಎಂಬುದಕ್ಕೆ ಮಾತ್ರ ಉತ್ತರವಿಲ್ಲ. ಪ್ರಯೋಗಾಲಯದ ಯಾವ ನಳಿಗೆಯಲ್ಲೂ ಆ ಗೆರೆ ಹುಟ್ಟುತ್ತಿರಲಿಲ್ಲ. ಉತ್ತರ ಬರಲು 57 ವರ್ಷ ಹಿಡಿಯಿತು.

ಉತ್ತರ ಸಿಕ್ಕಿದ್ದು ಕೆನಡಾದ ಟೊರಾಂಟೊದಲ್ಲಿ, ಅದೂ ಹೀಲಿಯಂನ ಸಹಾಯದಿಂದ. ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಘಟ್ಟ ಇದು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷ್ ನೌಕಾಪಡೆಯ ವಾಯುನೌಕೆಗಳಿಗಾಗಿ ನೈಸರ್ಗಿಕ ಅನಿಲದಿಂದ ಹೀಲಿಯಂ ಬೇರ್ಪಡಿಸುವ ಕೆಲಸವನ್ನು ಜಾನ್ ಮೆಕ್ಲೆನನ್ ನಡೆಸಿದ್ದರು. ಹಾಗಾಗಿ ಬೇರೆಯವರಿಗೆ ಸಿಗದಷ್ಟು ಹೀಲಿಯಂ ಅವರ ಪ್ರಯೋಗಾಲಯದಲ್ಲಿತ್ತು. 1925ರಲ್ಲಿ ಅವರೂ ಅವರ ಶಿಷ್ಯ ಗಾರ್ಡನ್ ಶ್ರಮ್ ಅವರೂ ಗಾಜಿನ ನಳಿಗೆಯಲ್ಲಿ ಆಮ್ಲಜನಕಕ್ಕೆ ಬಹಳಷ್ಟು ಹೀಲಿಯಂ ಬೆರೆಸಿ ವಿದ್ಯುತ್ ಹರಿಸಿದರು. 557.7 ನ್ಯಾನೊಮೀಟರ್‌ನ ಹಸಿರು ಗೆರೆ ಹೊಳೆಯಿತು. ಧ್ರುವದ ಬೆಳಕು ನಾವು ಉಸಿರಾಡುವ ಆಮ್ಲಜನಕದ್ದೇ, ಒಂಟಿ ಪರಮಾಣುವಾಗಿ ಒಡೆದ ಆಮ್ಲಜನಕದ್ದು.

ಹೀಲಿಯಂ ಅಲ್ಲಿ ಮಾಡಿದ ಕೆಲಸವೇನು? ಸಾಮಾನ್ಯವಾಗಿ ಶಕ್ತಿ ತುಂಬಿದ ಪರಮಾಣು ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತಿನಲ್ಲೇ ಬೆಳಕು ಚೆಲ್ಲಿ ಹಗುರಾಗುತ್ತದೆ. ಆಮ್ಲಜನಕದ ಈ ಹಸಿರು ಬೆಳಕು ಮಾತ್ರ ಸರಾಸರಿ ಮುಕ್ಕಾಲು ಸೆಕೆಂಡಿನಷ್ಟು ಕಾಯುತ್ತದೆ. ಪರಮಾಣುವಿನ ಲೆಕ್ಕದಲ್ಲಿ ಅದೊಂದು ಯುಗ. ಅಷ್ಟರೊಳಗೆ ಬೇರೆ ಕಣಕ್ಕೋ ನಳಿಗೆಯ ಗೋಡೆಗೋ ಡಿಕ್ಕಿಯಾದರೆ ಶಕ್ತಿ ಅಲ್ಲೇ ಕಳೆದುಹೋಗಿ, ಬೆಳಕು ಬರುವುದೇ ಇಲ್ಲ. ಹೀಲಿಯಂ ಯಾವುದರ ಜೊತೆಗೂ ರಾಸಾಯನಿಕವಾಗಿ ಕೂಡಿಕೊಳ್ಳದ ಅನಿಲ. ಆಮ್ಲಜನಕದ ಪರಮಾಣುಗಳು ಗೋಡೆಗೆ ಬೇಗ ಮುಟ್ಟದಂತೆ ಅದು ನಡುವೆ ನಿಂತಿತು, ಅವುಗಳ ಶಕ್ತಿಯನ್ನು ಕಸಿಯಲಿಲ್ಲ. ನೂರು ಕಿಲೋಮೀಟರಿನ ಮೇಲಿನ ಆಕಾಶದಲ್ಲಿ ಗಾಳಿ ಅಷ್ಟು ತೆಳ್ಳಗಿರುವುದರಿಂದ ಪರಮಾಣುಗಳಿಗೆ ಆ ಬಿಡುವು ತಾನಾಗಿಯೇ ಸಿಗುತ್ತದೆ. ಆಮ್ಲಜನಕದ್ದೇ ಇನ್ನೊಂದು ಗೆರೆ, 630 ನ್ಯಾನೊಮೀಟರ್‌ನ ಕೆಂಪು, 110 ಸೆಕೆಂಡಿನಷ್ಟು ಕಾಯುತ್ತದೆ. ಅದಕ್ಕೆ ಇನ್ನೂ ತೆಳ್ಳನೆಯ ಗಾಳಿ, 200–300 ಕಿಲೋಮೀಟರಿನ ಎತ್ತರ ಬೇಕು. ಅದಕ್ಕೇ ಧ್ರುವಪ್ರಭೆಯ ಮೈ ಹಸಿರು, ನೆತ್ತಿ ಕೆಂಪು.

ಆ ಕೆಂಪು ನೆತ್ತಿ ಒಮ್ಮೆ ನಮ್ಮ ಮುಂಬಯಿಯಿಂದಲೂ ಕಂಡಿದೆ. 1871ರ ಡಿಸೆಂಬರ್ 12ರಂದು ಮತ್ತೊಂದು ಪೂರ್ಣಗ್ರಹಣದ ನೆರಳು ದಕ್ಷಿಣ ಭಾರತದ ಮೇಲೆ ಹಾಯಿತು. ಲಾಕ್ಯರ್ ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡಿನ ಬೇಕಲ ಕೋಟೆಯಲ್ಲಿ ಬೀಡುಬಿಟ್ಟು ಅದನ್ನು ನೋಡಿದರು. ಅದಾಗಿ ಎರಡು ತಿಂಗಳು ತುಂಬುವ ಮೊದಲೇ, 1872ರ ಫೆಬ್ರವರಿ 4ರ ಭಾನುವಾರ ರಾತ್ರಿ, ಭೂಮಿಯ ಕಾಂತಕ್ಷೇತ್ರ ತತ್ತರಿಸಿತು. ಮುಂಬಯಿಯಲ್ಲಿ ಅರೋರಾ ಕಂಡಿತೆಂದು ಟೈಮ್ಸ್ ಆಫ್ ಇಂಡಿಯಾ ವರದಿ ಮಾಡಿತು. ಏಡನ್ನಿಗೆ ಹೋಗುವ ಸಮುದ್ರದಡಿಯ ತಂತಿ ಕೆಲ ತಾಸು ಕೆಲಸ ನಿಲ್ಲಿಸಿತು. ಇಂಡಿ ಪಟ್ಟಣ ಮುಂಬಯಿಗಿಂತ ಎರಡು ಡಿಗ್ರಿಯೊಳಗೆ ದಕ್ಷಿಣಕ್ಕಿದೆ. ಧ್ರುವದ ಬೆಳಕು ಅಂದು ನಮ್ಮ ಮನೆಯ ಅಂಗಳಕ್ಕೆ ಅಷ್ಟು ಹತ್ತಿರ ಬಂದಿತ್ತು.

ಮುಂಬಯಿಯ ಕೊಲಾಬಾ ವೀಕ್ಷಣಾಲಯ ಇಂಥ ಕಾಂತಬಿರುಗಾಳಿಗಳಿಗೆ ದೊಡ್ಡ ಸಾಕ್ಷಿ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್‌ಟನ್ ಸೂರ್ಯನ ಕಲೆಗಳ ಮೇಲೆ ಕಣ್ಣು ಕೋರೈಸುವ ಸ್ಫೋಟ ಕಂಡರು. ಹದಿನೇಳೂವರೆ ತಾಸಿಗೆ ಭೂಮಿಯಲ್ಲಿ ಕಾಂತಬಿರುಗಾಳಿ ಎದ್ದಿತು. ಕೊಲಾಬಾದ ಕಾಂತಮಾಪಕ 1600 ನ್ಯಾನೊಟೆಸ್ಲಾದಷ್ಟು ಕುಸಿತ ದಾಖಲಿಸಿತು. ಆ ಬಿರುಗಾಳಿಯ ಬಲವನ್ನು ಇಂದಿನವರು ಅಂದಾಜು ಮಾಡುವುದು ಈ ಭಾರತೀಯ ದಾಖಲೆಯಿಂದಲೇ. ಸೂರ್ಯನಲ್ಲಿ ಏನೋ ನಡೆದರೆ ಭೂಮಿಯಲ್ಲಿ ಸೂಜಿ ನಡುಗುತ್ತದೆ, ಉತ್ತರದಲ್ಲಿ ಬೆಳಕು ಕುಣಿಯುತ್ತದೆ. ನಡುವಿನ 15 ಕೋಟಿ ಕಿಲೋಮೀಟರ್ ದಾಟಿ ಬರುವುದು ಏನು?

ನಾರ್ವೆಯ ಕ್ರಿಸ್ಟಿಯಾನ್ ಬಿರ್ಕೆಲಾಂಡ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಿರ್ವಾತ ಪೆಟ್ಟಿಗೆಯಲ್ಲಿ ಕಾಂತದ ಗೋಲವಿಟ್ಟು, ಎಲೆಕ್ಟ್ರಾನುಗಳನ್ನು ಹಾಯಿಸಿ, ಧ್ರುವಗಳ ಸುತ್ತ ಬೆಳಕಿನ ಉಂಗುರ ಎಬ್ಬಿಸಿ ತೋರಿಸಿದರು. ಕಾರ್ಲ್ ಸ್ಟೋರ್ಮರ್ ಎರಡು ಜಾಗಗಳಿಂದ ಒಟ್ಟಿಗೆ ಫೋಟೊ ತೆಗೆದು ಅರೋರಾದ ಕೆಳ ಅಂಚು ನೂರು ಕಿಲೋಮೀಟರಿನ ಆಸುಪಾಸಿನಲ್ಲಿದೆ ಎಂದು ಅಳೆದರು. ಆದರೂ ಎಲೆಕ್ಟ್ರಾನುಗಳನ್ನು ಅಟ್ಟುವವರು ಯಾರು ಎಂಬುದು ಉಳಿಯಿತು. ಅದಕ್ಕೆ ಉತ್ತರ ಆ ಮುತ್ತಿನ ಬಣ್ಣದ ಪ್ರಭಾವಲಯದಲ್ಲಿತ್ತು.

1869ರ ಗ್ರಹಣದಲ್ಲಿ ಅಮೆರಿಕದ ಚಾರ್ಲ್ಸ್ ಯಂಗ್ ಮತ್ತು ವಿಲಿಯಂ ಹಾರ್ಕ್‌ನೆಸ್ ಪ್ರಭಾವಲಯದಲ್ಲೂ ಒಂದು ಹಸಿರು ಗೆರೆ ಕಂಡಿದ್ದರು, 530.3 ನ್ಯಾನೊಮೀಟರ್‌ನದು. ಹೀಲಿಯಂ ಸಿಕ್ಕ ಉತ್ಸಾಹದಲ್ಲಿ ಇದೂ ಹೊಸ ವಸ್ತು ಎಂದು ಕರೋನಿಯಂ ಎಂಬ ಹೆಸರಿಟ್ಟರು. ಅಂಥ ವಸ್ತು ಇರಲೇ ಇಲ್ಲ. 1940ರ ಆಸುಪಾಸಿನಲ್ಲಿ ಜರ್ಮನಿಯ ಗ್ರೋಟ್ರಿಯಾನ್, ಸ್ವೀಡನ್ನಿನ ಎಡ್ಲೆನ್ ಅವರಿಂದ ತಿಳಿದದ್ದು: ಅದು ಕಬ್ಬಿಣ, 13 ಎಲೆಕ್ಟ್ರಾನುಗಳನ್ನು ಕಳಕೊಂಡ ಕಬ್ಬಿಣ. ಕಬ್ಬಿಣಕ್ಕೆ ಆ ಗತಿ ಬರಬೇಕಾದರೆ ಹತ್ತು ಲಕ್ಷ ಡಿಗ್ರಿಗೂ ಮೀರಿದ ಕಾವು ಬೇಕು. ಸೂರ್ಯನ ಮೈಯ ಕಾವು ಆರು ಸಾವಿರದ ಒಳಗೆ, ಅದರ ಹೊರಗಿನ ತೆಳು ಆವರಣದ್ದು ಹತ್ತು ಲಕ್ಷದ ಮೇಲೆ!

ಅಷ್ಟು ಕಾದ ಅನಿಲವನ್ನು ಸೂರ್ಯನ ಗುರುತ್ವ ಹಿಡಿದಿಡಲಾರದು. ಅದು ಎಡೆಬಿಡದೆ ಹೊರಕ್ಕೆ ಬೀಸುತ್ತದೆ ಎಂದು ಯೂಜೀನ್ ಪಾರ್ಕರ್ 1958ರಲ್ಲಿ ಲೆಕ್ಕ ಹಾಕಿದರು. ಅವರ ಪ್ರಬಂಧವನ್ನು ಪರಿಶೀಲಿಸಿದ ಇಬ್ಬರೂ ಬೇಡವೆಂದರು. ಪತ್ರಿಕೆಯ ಸಂಪಾದಕರಾಗಿದ್ದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಲೆಕ್ಕದಲ್ಲಿ ತಪ್ಪಿಲ್ಲವೆಂದು ಕಂಡು ಅಚ್ಚು ಹಾಕಿಸಿದರು. 1962ರಲ್ಲಿ ಶುಕ್ರನ ಕಡೆ ಹೊರಟ ಮ್ಯಾರಿನರ್–2 ನೌಕೆ ತಿಂಗಳುಗಟ್ಟಲೆ ಆ ಸೌರಮಾರುತದ ನಡುವೆಯೇ ಸಾಗಿತು. ವೇಗ ಸರಾಸರಿ ಸೆಕೆಂಡಿಗೆ 500 ಕಿಲೋಮೀಟರ್.

ಮ್ಯಾರಿನರ್ ಕಳಿಸಿದ ಅಂಕಿಗಳ ಮುಂದೆ ಕುಳಿತವರಲ್ಲಿ ಒಬ್ಬ ಕನ್ನಡಿಗರಿದ್ದರು. ಉಡುಪಿ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್. ಆಗ ಅಮೆರಿಕದ ಎಂಐಟಿಯಲ್ಲಿದ್ದರು. ಕಾನ್ವೇ ಸ್ನೈಡರ್, ಮಾರ್ಸಿಯಾ ನ್ಯೂಗೆಬಾವರ್ ಜೊತೆ ಅವರು 1963ರಲ್ಲಿ ಪ್ರಕಟಿಸಿದ ಪ್ರಬಂಧ ಸೌರಮಾರುತದ ವೇಗಕ್ಕೂ ಭೂಮಿಯ ಕಾಂತಕ್ಷೇತ್ರದ ಕದಲಿಕೆಗೂ ಇರುವ ನಂಟನ್ನು ಅಂಕಿಗಳಲ್ಲಿ ತೋರಿಸಿತು. ಗಾಳಿ ಜೋರಾದಾಗ ಭೂಮಿಯ ಸೂಜಿ ಹೆಚ್ಚು ಕದಲುತ್ತದೆ. ಕ್ಯಾರಿಂಗ್‌ಟನ್ ಕಾಲದಿಂದ ಊಹೆಯಾಗಿದ್ದದ್ದು ಅಳತೆಯಾಯಿತು. ರಾವ್ ಅವರನ್ನು ಆರ್ಯಭಟ ಉಪಗ್ರಹಕ್ಕಾಗಿ ನೆನೆಯುತ್ತೇವೆ, ನೆನೆಯಲೇಬೇಕು. ಆದರೆ ಈ ಕೆಲಸ ಅದಕ್ಕಿಂತ ಕಡಿಮೆಯದಲ್ಲ ಎಂದು ನನ್ನ ಅಭಿಪ್ರಾಯ.

ಸೂರ್ಯನಿಂದ ಬಂದ ಕಣಗಳು ನೇರವಾಗಿ ಧ್ರುವಕ್ಕೆ ಸುರಿದು ಬೆಳಕಾಗುತ್ತವೆ ಎಂದು ಈಗಲೂ ಪಠ್ಯಗಳಲ್ಲಿ ಬರೆಯುವುದುಂಟು. ನಡೆಯುವುದು ಬೇರೆ. ಸೌರಮಾರುತ ಭೂಮಿಯ ಕಾಂತಕ್ಷೇತ್ರವನ್ನು ರಾತ್ರಿಯ ಬದಿಗೆ ಉದ್ದ ಬಾಲವಾಗಿ ಎಳೆಯುತ್ತದೆ. ಎಳೆತದ ಶಕ್ತಿ ಅಲ್ಲಿ ಶೇಖರವಾಗುತ್ತದೆ. ಮಿತಿ ಮೀರಿದಾಗ ಕಾಂತರೇಖೆಗಳು ತುಂಡಾಗಿ ಬೇರೆ ರೀತಿಯಲ್ಲಿ ಕೂಡಿಕೊಂಡು ಮರಳಿ ಸೆಟೆಯುತ್ತವೆ. ಆ ರಭಸ ಎಲೆಕ್ಟ್ರಾನುಗಳನ್ನು ಧ್ರುವದ ಸುತ್ತಲಿನ ವಲಯಕ್ಕೆ ಅಟ್ಟುತ್ತದೆ. ಅಲ್ಲಿ ಅವು ಆಮ್ಲಜನಕ, ಸಾರಜನಕಗಳಿಗೆ ಬಡಿದು ಬೆಳಕೆಬ್ಬಿಸುತ್ತವೆ. ದೊಡ್ಡ ಬಿರುಗಾಳಿಯಲ್ಲಿ ಈ ವಲಯ ದಕ್ಷಿಣಕ್ಕೆ ಹಿಗ್ಗುತ್ತದೆ. ದೂರದವರಿಗೆ ಅದರ ನೆತ್ತಿಯ ಕೆಂಪಷ್ಟೇ ದಿಗಂತದಲ್ಲಿ ಕಾಣುತ್ತದೆ.

2024ರ ಮೇ 10–11ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆದದ್ದು ಇದೇ ಬಗೆಯದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳಲ್ಲಿ ಆಮ್ಲಜನಕದ ಕೆಂಪು ಬೆಳಕು ಮೂಡಿತು. ಅಷ್ಟರಲ್ಲಿ ಅದೇ ಸಂಸ್ಥೆ ಹೊಸಕೋಟೆಯಲ್ಲಿ ಕಟ್ಟಿದ ಕರೋನಾದರ್ಶಕ ಆದಿತ್ಯ–ಎಲ್1 ನೌಕೆಯಲ್ಲಿ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿತ್ತು. 2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು ಅಲ್ಲಿ ನೆಲೆನಿಂತ ಈ ನೌಕೆಗೆ ಚಂದ್ರನ ನೆರಳು ಬೇಡ. ಒಳಗಿನ ತಡೆಯೊಂದು ಸೂರ್ಯನ ಬಿಂಬವನ್ನು ಮರೆಮಾಡುತ್ತದೆ, ಕರೋನಾದರ್ಶಕ ಕಬ್ಬಿಣದ ಅದೇ 530.3ರ ಹಸಿರು ಗೆರೆಯನ್ನು ನೋಡುತ್ತದೆ. ಜಮಖಂಡಿಯಲ್ಲಿ ಹರ್ಷೆಲ್‌ಗೆ ಮೋಡದ ನಡುವೆ ದೊರೆತ ಅವಕಾಶ ಈಗ ವರ್ಷವಿಡೀ ಇದೆ.

2027ರ ಆಗಸ್ಟ್ 2, ಸೋಮವಾರ, ಆಷಾಢ ಅಮಾವಾಸ್ಯೆಯ ಇಳಿಹಗಲಿನಲ್ಲಿ ನಮ್ಮ ಸೀಮೆಯಿಂದ ಪಾರ್ಶ್ವ ಸೂರ್ಯಗ್ರಹಣ ಕಾಣಲಿದೆ. ತಾಟಿನ ನೀರಲ್ಲಿ ಒನಕೆ ನಿಲ್ಲಿಸುವವರು ನಿಲ್ಲಿಸಲಿ, ಸ್ನಾನ ದಾನ ಮಾಡುವವರು ಮಾಡಲಿ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಶಿಕ್ಷಕರಲ್ಲಿ ನನ್ನದೊಂದು ಕೇಳಿಕೆ. ಅಂದು ಮಕ್ಕಳನ್ನು ಒಳಗೆ ಕೂರಿಸಬೇಡಿ. ಪ್ರಮಾಣಿತ ಗ್ರಹಣ ಕನ್ನಡಕ ಕೊಟ್ಟು, ಇಲ್ಲವೇ ರಟ್ಟಿಗೆ ಸೂಜಿ ಚುಚ್ಚಿ ನೆಲದ ಮೇಲೆ ಬಿಂಬ ಬೀಳಿಸಿ, ಶಾಲೆಯ ಬಯಲಲ್ಲಿ ನಿಲ್ಲಿಸಿ ತೋರಿಸಿ. ತೋರಿಸುವಾಗ 1868ರಲ್ಲಿ ಇದೇ ನೆಲದಿಂದ ಕಂಡ ಹಳದಿ ಗೆರೆಯ ಸಂಗತಿಯನ್ನೂ ಹೇಳಿ.